ಮೊಳೆಗೆ ನೇತುಹಾಕಿದ ಬ್ಯಾಡ್ಜ್

ಶಹಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುವವನು. ಅರ್ಧ ಊರಿನ ಎಲುಬು ನೋಡಿದ್ದೇನೆಂಬ ಜಂಬ ಬೇರೆ. ಮದುವೆಮನೆಯಲ್ಲಿ ಯಾರಾದರೂ ಎಕ್ಸ್‌ರೇ ಬಗ್ಗೆ ಕೇಳಿದರೆ ಊಟ ಬಿಟ್ಟು ಉಪನ್ಯಾಸ ಶುರು ಮಾಡುತ್ತಿದ್ದೆ: ಒಂದೆರಡಕ್ಕೆ ಹೆದರಬೇಡಿ, ಸುಮ್ಮಸುಮ್ಮನೆ ತೆಗೆಸಲೂ ಬೇಡಿ. ಕಿರಣ ದಿನವೂ ಸ್ವಲ್ಪ ಸ್ವಲ್ಪ ಬಿದ್ದರೆ ಮೈಗೆ ಆಗ ಏನೂ ಗೊತ್ತಾಗುವುದಿಲ್ಲ, ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಬರುವ ಸಾಧ್ಯತೆ ಒಂದಿಷ್ಟು ಹೆಚ್ಚುತ್ತದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ನನ್ನ ಮಾತು ಕೇಳದಿದ್ದವನು ನಾನೊಬ್ಬನೇ.

ನಮ್ಮ ಕೆಲಸದವರಿಗೆ ಎದೆಯ ಕಿಸೆಗೆ ಸಿಕ್ಕಿಸಿಕೊಳ್ಳಲು ಒಂದು ಬ್ಯಾಡ್ಜ್ ಕೊಡುತ್ತಾರೆ. ಅದು ಕಿರಣವನ್ನು ತಡೆಯುವುದಿಲ್ಲ, ಮೈಮೇಲೆ ಎಷ್ಟು ಬಿತ್ತೆಂದು ಅಳೆಯುತ್ತದೆ ಅಷ್ಟೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸಬೇಕು. ಒಮ್ಮೆ ನನ್ನ ಹೆಂಡತಿ ಅಂಗಿಯ ಜೊತೆ ಅದನ್ನೂ ನೆನೆಹಾಕಿ ಒಗೆದುಬಿಟ್ಟಳು.

"ಕಿಸೇದಾಗಿಂದು ತೆಗೆದು ಒಗ್ಯಾಕ ಹಾಕ್ರಿ ಅಂತ ಎಷ್ಟ್ ಸಲ ಹೇಳೀನಿ" ಎಂದು ಬೈಸಿಕೊಂಡವನೂ ನಾನೇ. ಅಂದಿನಿಂದ ಜಾಣತನ ಮಾಡಿ, ಬ್ಯಾಡ್ಜನ್ನು ಎಕ್ಸ್‌ರೇ ಕೋಣೆಯೊಳಗೆ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದೆ. ನಾನು ಗೋಡೆಯಾಚೆ ನಿಂತು ಗುಂಡಿ ಒತ್ತುತ್ತಿದ್ದೆ, ಒಳಗೆ ಅದು ನನ್ನ ಪರವಾಗಿ ಡ್ಯೂಟಿ ಮಾಡುತ್ತಿತ್ತು. ಕಿರಣ ತಡೆಯುವ ಸೀಸದ ಏಪ್ರನ್ನೂ ಒಂದಿತ್ತು. ನಮ್ಮ ಬಿಸಿಲಿಗೆ ಅದನ್ನು ಯಾರು ತೊಡುತ್ತಾರೆ? ಮಡಚಿ ಕುರ್ಚಿಗೆ ಹಾಸಿಕೊಂಡಿದ್ದೆ. ನನ್ನ ಕುಂಡಿಗೆ ಮಾತ್ರ ಪೂರ್ತಿ ರಕ್ಷಣೆ.

ಹೋದ ಬೇಸಿಗೆಯಲ್ಲಿ ಬ್ಯಾಡ್ಜ್ ಪರೀಕ್ಷಿಸುವವರಿಂದ ಕಾಗದ ಬಂತು: ನಿಮ್ಮ ಮೇಲೆ ಮಿತಿಗಿಂತ ಹೆಚ್ಚು ಕಿರಣ ಬಿದ್ದಿದೆ, ಕಾರಣ ತಿಳಿಸಿ. ಆ ದಿನ ನನ್ನ ಮೈಯಲ್ಲಿ ಇಲ್ಲದ ರೋಗವೇ ಇಲ್ಲ. ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡೆ. ಕೂದಲು ಉದುರುತ್ತದೋ ಎಂದು ತಲೆಗೆ ಕೈಹಾಕಿದರೆ, ಅದು ಎಂದೋ ಉದುರಿ ಹೋಗಿತ್ತು. ನಮ್ಮ ಡಾಕ್ಟರು ಕಾಗದ ಓದಿ ಕೋಣೆಗೆ ಬಂದವರು ಮೊಳೆ ನೋಡಿ ನಕ್ಕುಬಿಟ್ಟರು.

"ಇದು ನಿಮಗ ಬಿದ್ದಿದ್ದಲ್ಲ ಬಿಡ್ರಿ, ಮೊಳಿಗೆ ಬಿದ್ದದ."

ಹೋದ ಜೀವ ಬಂದಂತಾಗಿ ನಾನೂ ನಕ್ಕೆ.

ಅಲ್ಲೇ ನಿಂತಿದ್ದ ಖಾಲಾ ನಗಲಿಲ್ಲ. ಸುರಪುರದಿಂದ ದಿನವೂ ಬಸ್ಸಿಗೆ ಬರುವ ನಮ್ಮ ಆಯಾ ಆಕೆ; ಚಿಕ್ಕಮ್ಮನೆಂಬಂತೆ ಎಲ್ಲರೂ ಖಾಲಾ ಎಂದೇ ಕರೆಯುತ್ತೇವೆ. ಎಕ್ಸ್‌ರೇ ತೆಗೆಯುವಾಗ ಅಳುವ ಕೂಸನ್ನು ಅಲುಗದಂತೆ ಯಾರಾದರೂ ಹಿಡಿಯಬೇಕು. ಏಪ್ರನ್ ತೊಡಿಸಿ ಮನೆಯವರಿಂದಲೇ ಹಿಡಿಸುವುದು ಕ್ರಮ. ಅವರು ಹೆದರಿ ಹೊರಗೆ ಓಡುತ್ತಾರೆ, ಕೂಸು ಖಾಲಾಳ ಕೈಗೆ. ಪ್ರತಿ ಸಲವೂ ಆಕೆ ಬರೀ ಸೀರೆಯಲ್ಲೇ ಹಿಡಿದು ನಿಲ್ಲುತ್ತಿದ್ದಳು. ಆಕೆಗೆ ಏಪ್ರನ್ ಕೊಡಬೇಕಾದರೆ ನಾನು ಅದರ ಮೇಲಿಂದ ಏಳಬೇಕಾಗುತ್ತಿತ್ತು.

"ಸಾಬ್, ನಾ ಕೂಸು ಹಿಡ್ಕೊಂಡು ನಿಂದ್ರೋದು ಆ ಮೊಳಿ ಬಾಜೂಕೇ ಅಲ್ರಿ?" ಎಂದು ಕೇಳಿದಳು. "ಹಂಗಾರ ನನಗ ಎಷ್ಟ್ ಬಿದ್ದದರಿ?"

ಹನ್ನೊಂದು ವರ್ಷದಿಂದ ಆಕೆ ಅಲ್ಲಿ ನಿಂತಿದ್ದಾಳೆ. ಆಕೆಗೂ ಒಂದು ಬ್ಯಾಡ್ಜ್ ಬೇಕೆಂದು ನಾನು ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ. ನಾಚಿಕೆಯಿಂದ ಆಕೆಯ ಮುಖ ನೋಡಲಾಗಲಿಲ್ಲ.

"ಗೊತ್ತಿಲ್ರಿ ಖಾಲಾ" ಎಂದೆ. "ನಿಮ್ದು ಯಾರೂ ನೋಡೇ ಇಲ್ಲ."