ಐದು ಬೀಗದಕೈಯ ಸುತ್ತು

ಬುಕ್ಕಾಪಟ್ಟಣದ ಹತ್ತಿರದ ನಮ್ಮೂರಲ್ಲಿ ನೀರು ಬಿಡುತ್ತಿದ್ದವರ ಸೊಂಟದಲ್ಲಿ ಒಂದು ತಂತಿಬಳೆ ನೇತಾಡುತ್ತಿತ್ತು. ಅದರಲ್ಲಿ ಐದು ಬೀದಿಗಳ ವಾಲ್ವ್ ಗುಂಡಿಗಳ ಐದು ಬೀಗದಕೈ. ದಿನಕ್ಕೊಂದು ಬೀದಿಗೆ ನೀರು. ಬೀಗ ಹಾಕಿದ ಮೇಲೆ ಒಂದು ಬೀಗದಕೈ ಮುಂದಕ್ಕೆ ಸರಿಸಿ, ಯಾರೂ ಕೇಳದಿದ್ದರೂ, "ಸುತ್ತು ತಪ್ಪಬಾರ್ದು" ಅನ್ನುತ್ತಿದ್ದರು.

ನಾನು ಶಿರಾದ ಕಾಲೇಜಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಯಾವತ್ತು ಯಾರ ಸರದಿ ಅಂತ ತೋರಿಸುವ ಆ್ಯಪ್ ಮಾಡಿದ್ದೆ. ಬೀದಿಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಸಂಖ್ಯೆ. ಇವತ್ತಿನ ಬೀದಿಯ ಸಂಖ್ಯೆಗೆ ಎಷ್ಟು ದಿನ ಮುಂದೋ ಅಷ್ಟನ್ನು ಕೂಡಿ, ಐದರಿಂದ ಭಾಗಿಸಿದಾಗ ಉಳಿಯುವ ಶೇಷವೇ ಬೀದಿ. ನಾಳೆ, ನಾಡಿದ್ದು ಎಲ್ಲ ಸರಿಯಾಗಿ ಬಂತು.

ಅವತ್ತು ಸೊನ್ನೆ ಬೀದಿಯ ಸರದಿ. ನಾನೂ ನೀರು ಬಿಡುವವರ ಜೊತೆ ವಾಲ್ವ್ ಗುಂಡಿಯ ಹತ್ತಿರ ಇದ್ದೆ. ಬೇರೆ ಬೀದಿಯ ಹೆಂಗಸೊಬ್ಬರು ಬಿಂದಿಗೆ ಸಮೇತ ಬಂದು, "ಎಂಟು ದಿನದ ಹಿಂದೆ ನಮ್ ಸರದಿ. ನೀರೇ ಬುಡ್ಲಿಲ್ಲ" ಅಂದರು. ಆ್ಯಪಿನಲ್ಲಿ ಎಂಟು ದಿನ ಹಿಂದಕ್ಕೆ ಹೋದೆ. ಸೊನ್ನೆಯಿಂದ ಎಂಟು ಕಳೆದು ಐದರಿಂದ ಭಾಗಿಸಿದ ಶೇಷ, ಮೈನಸ್ ಮೂರು ಅಂತ ಬಂತು. ಅಂಥ ಬೀದಿಯೇ ಇಲ್ಲ. ನೀರು ಬಿಡುವವರು ಸುಮ್ಮನಿದ್ದಿದ್ದರೆ ಆ ಹೆಂಗಸಿನ ದೂರು ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಅವರು ಸೊಂಟದ ತಂತಿಬಳೆ ಬಿಚ್ಚಿ, ಸಲಕ್ಕೊಂದು ಬೀಗದಕೈಯಂತೆ ಎಂಟು ಸಲ ಹಿಂದಕ್ಕೆ ಸರಿಸಿದರು. "ನಿಮ್ ಬೀದೀದೇ ಕಣಮ್ಮ. ಅವತ್ತು ನಾನೇ ಮರ್ತ್ಬುಟ್ಟೆ." ಆಮೇಲೆ ನನ್ನ ಕಡೆ ತಿರುಗಿ, "ಹಿಂದಕ್ಕೋದ್ರೂ ಸುತ್ತಿನೊಳಗೇ ಇರ್ಬೇಕು ಮೇಡಂ. ಸೊನ್ನೆಗಿಂತ ಕೆಳಕ್ಕೋದ್ರೆ ಒಂದು ಸುತ್ತು ಸೇರ್ಸ್ಕಳಿ" ಅಂದರು.

ಮೈನಸ್ ಮೂರಕ್ಕೆ ಐದು ಸೇರಿಸಿದೆ. ಎರಡು ಬಂತು, ಆ ಹೆಂಗಸಿನ ಬೀದಿ. ಸೊನ್ನೆಗಿಂತ ಕೆಳಗಿಳಿಯಬಲ್ಲ ಶೇಷಕ್ಕೂ ಸುತ್ತಿನೊಳಗೇ ಉಳಿಯುವ ಮಾಡ್ಯುಲೋಗೂ ಇರುವ ಈ ವ್ಯತ್ಯಾಸವನ್ನು ವರ್ಷವರ್ಷವೂ ಪಾಠ ಮಾಡುತ್ತಿದ್ದವಳು ನಾನೇ.

ತಿದ್ದಿದ್ದನ್ನು ತೋರಿಸಿದೆ. "ಒಳ್ಳೇದಾಯ್ತು ಬುಡಿ. ಇನ್ಮೇಲೆ ನಾನು ಮರ್ತಿದ್ದೂ ಗೊತ್ತಾಯ್ತದೆ" ಎಂದು, ಮೊದಲು ಆ ಹೆಂಗಸಿನ ಎರಡನೇ ನಂಬರಿನ ಬೀದಿಯ ವಾಲ್ವ್ ತೆಗೆಯಲು ನಡೆದರು.