ಅವ್ವನನ್ನು ಕರೆಸುವ ಆಪರೇಷನ್

ಗೆಳೆಯರೇ, ಆಪರೇಷನ್ ಬೇಡ ಅಂತ ಡಾಕ್ಟರ್ ಹೇಳಿದರೆ ಯಾರಾದರೂ ಅಳುತ್ತಾರಾ? ಇವತ್ತು ಬೆಳಿಗ್ಗೆ ನಾರ್ತ್ ಯಾರ್ಕಿನ ಕ್ಲಿನಿಕ್ಕಲ್ಲಿ ನಾನು ಅತ್ತುಬಿಟ್ಟೆ.

ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಎಲುಬು ಗಂಟಿನಂತೆ ಉಬ್ಬಿ ಬೆರಳು ವಾಲಿದೆ. ಮಗಳು ಮಲಗಗೊಡದ ರಾತ್ರಿಗಳಲ್ಲಿ ನೆಟ್‌ನಲ್ಲಿ ಎಲ್ಲ ಓದಿಕೊಂಡಿದ್ದೆ. ಗಂಟನ್ನಷ್ಟೇ ಕೆತ್ತಿ ತೆಗೆದರೆ ಬೇಗ ಓಡಾಡಬಹುದು. ಎಲುಬು ಕತ್ತರಿಸಿ, ನೆಟ್ಟಗೆ ಕೂರಿಸಿ ಸ್ಕ್ರೂ ಹಾಕಿದರೆ ಆರು ವಾರ ಕಾಲೂರುವಂತಿಲ್ಲ. ನಾನು ಎರಡನೆಯದನ್ನೇ ಆರಿಸಿಕೊಂಡಿದ್ದೆ. ಆರು ವಾರ ಮಗು ಎತ್ತಿಕೊಳ್ಳಲು ಅವ್ವ ಬೇಕೇ ಬೇಕಲ್ಲ! ಬಾಣಂತನಕ್ಕೆ ಅವಳಿಗೆ ವೀಸಾ ಸಿಕ್ಕಿರಲಿಲ್ಲ. ಡಾಕ್ಟರ ಪತ್ರವಿದ್ದರೆ ಈ ಸಲ ಸಿಕ್ಕೀತು ಅಂತ ಆಸೆ. ಹುಬ್ಬಳ್ಳಿಯಲ್ಲಿ ಅವ್ವ ಆಗಲೇ ಎಲುಬಿಗೆ ಬಲ ಕೊಡುವ ಅಂಟಿನುಂಡಿಗೆ ಕೊಬ್ಬರಿ ತುರಿದಿಟ್ಟಿದ್ದಳು.

ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಇಷ್ಟಕ್ಕೆ ಸರ್ಜರಿ ಬೇಡ, ಅಗಲವಾದ ಶೂ ಸಾಕು ಎಂದರು. “ಆರ್ ಯೂ ಶ್ಯೂರ್?” ಅಂತ ಎರಡು ಸಲ ಕೇಳಿದೆ. ಸಂತೋಷದ ಕಣ್ಣೀರೆಂದುಕೊಂಡು ಟಿಶ್ಯೂ ಕೊಟ್ಟರು.

ಪಾರ್ಕಿಂಗಿನಿಂದಲೇ ಫೋನ್ ಮಾಡಿದೆ. “ಆಪರೇಷನ್ ಬ್ಯಾಡಂತವ್ವಾ.”

“ಚಲೋ ಆತ್ ಬಿಡು,” ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು: “ಇನ್ನೊಂದ್ ಕಾಲ್ ತೋರ್ಸಿದಿ ಏನ?”

ವಾಪಸು ಒಳಗೆ ಹೋಗಿ ತೋರಿಸಿದೆ, ಗೆಳೆಯರೇ. ಹಾಳಾದ ಎಡಗಾಲು, ನೆಟ್ಟಗೇ ಇದೆ.