ಮೈದಾ ಹಿಟ್ಟಿನ ಕೌಂಟಿ

ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ನಿನ ಹಿಂದೆ ಕೆಂಪು ಇಟ್ಟಿಗೆಯ ಫ್ಲಾಟಿನಲ್ಲಿ ನಾವು ರೆಂಟಿಗಿದ್ದ ಆ ವರ್ಷಗಳಲ್ಲಿ, ಒಂದು ಊರಿನ ಯೋಗ್ಯತೆ ಅಳೆಯಲು ನಮ್ಮ ದೊಡ್ಡವರ ಬಳಿ ಒಂದೇ ಅಳತೆಗೋಲಿತ್ತು: ಅಲ್ಲಿ ಎಷ್ಟು ಜನ ಇದ್ದಾರೆ. ಜನ ಹೆಚ್ಚಿದ್ದರೆ ದೊಡ್ಡ ಊರು, ಅಲ್ಲಿರುವವನೂ ದೊಡ್ಡವನು. ಕಡಿಮೆಯಿದ್ದರೆ ಕೊಂಪೆ. ಸಿಡ್ನಿಯ ಅಷ್ಟೂ ಜನರನ್ನು ತಾವೇ ಹೆತ್ತು ಸಾಕಿದವರಂತೆ ಮಾತಾಡುತ್ತಿದ್ದರು. ಇಂಥ ಒಬ್ಬ ಅಂಕಲ್ ನಿಮ್ಮ ಬಾಲ್ಯದಲ್ಲೂ ಇದ್ದಿರಬೇಕು. ನಮ್ಮ ಪಾಲಿಗೆ ಬಂದವರು ಎದುರು ಫ್ಲಾಟಿನ ಮುರಳಿ ಅಂಕಲ್. ಬೆಂಗಳೂರಿನವರು, ಐಟಿ ಕೆಲಸ. ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿದ ಮೇಲೆ ಅವರ ಕತ್ತು ಬಗ್ಗಿದ್ದನ್ನು ಯಾರೂ ನೋಡಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದ ಡಿಸೆಂಬರಿನಲ್ಲಿ ಅಮ್ಮನ ತಂಗಿ ಜೆಸಿಂತಾ ಮಾವ್ಶಿ ಅಮೆರಿಕದಿಂದ ಬಂದಳು. ಅಲ್ಲಿನ ಹಳ್ಳಿಗಾಡಿನ ಒಂದು ಕೌಂಟಿಯಲ್ಲಿ ಅವಳು ಮನೆಮನೆಗೆ ಹೋಗುವ ನರ್ಸ್. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಮದುವೆಯಾಗಿರಲಿಲ್ಲ.

"ಆ ಹಾಳು ಬಯಲಲ್ಲಿ ಒಬ್ಬಳೇ ಎಂತ ಮಾಡ್ತಿ? ಇಲ್ಲಿಯೇ ಕೆಲಸ ನೋಡು" ಎಂದು ಅಮ್ಮ ದಿನವೂ ಹೇಳುತ್ತಿದ್ದಳು.

"ಕ್ರಿಸ್ಮಸ್ ಮುಗಿಯಲಿ, ಹೇಳ್ತೇನೆ" ಎನ್ನುತ್ತಿದ್ದಳು ಮಾವ್ಶಿ.

ಅವಳು ಉಳಿಯಲೇಬೇಕಿತ್ತು ನನಗೆ. ಅಪ್ಪ ಅಮ್ಮ ಇಬ್ಬರದೂ ಶಿಫ್ಟ್ ಕೆಲಸ. ಕೊರಳಲ್ಲಿ ಬೀಗದ ಕೈ ನೇತುಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ನನಗೆ, ಸಂಜೆ ಒಳಗಿನಿಂದ ಬಾಗಿಲು ತೆರೆಯುವವರು ಒಬ್ಬರು ಸಿಕ್ಕಿದ್ದು ಆಗಲೇ. ತೆರೆದ ಬಾಗಿಲಿಂದ ತೆಂಗಿನ ಹಾಲಿನ ವಾಸನೆ ಬರುತ್ತಿತ್ತು.

ರಜೆ ಶುರುವಾದೊಡನೆ ಇಬ್ಬರೂ ಕುಸ್ವಾರ್ ಮಾಡಲು ಕೂತೆವು. ಕ್ರಿಸ್ಮಸ್‌ಗೆ ಮಂಗಳೂರಿನಲ್ಲಿ ನಾವು ಮಾಡುವ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ಅದರಲ್ಲಿ ನನ್ನ ಕೆಲಸ ಕಿಡಿಯೊ. ಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುವುದು. ಬೇಸರವಾಗದಿರಲೆಂದು ಮಾವ್ಶಿ ಮೇಜಿನ ಮೇಲೆ ಒಣ ಮೈದಾ ಹರಡಿ, ಬೆರಳಿನಿಂದ ತನ್ನ ಕೌಂಟಿಯನ್ನು ಬರೆದಳು.

"ನೋಡು ಪುತಾ, ಇದು ನದಿ. ಹಿಮ ಕರಗಿದಾಗ ಮಾತ್ರ ಇದಕ್ಕೆ ಅಹಂಕಾರ. ಇದು ದೊಡ್ಡ ರೋಡು, ಒಂದೇ ಉಂಟು. ಇಲ್ಲಿ ಕೋರ್ಟು, ಇಲ್ಲಿ ನೀರಿನ ಟ್ಯಾಂಕ್. ಉಳಿದದ್ದೆಲ್ಲ ಜೋಳದ ಗದ್ದೆ."

ಒಂದೊಂದು ಕಿಡಿಯೊ ಒಂದೊಂದು ಮನೆಯಾಯಿತು. ಗುಡ್ಡವಿಲ್ಲ, ಸಮುದ್ರವಿಲ್ಲ, ಮನೆಯಿಂದ ಮನೆಗೆ ನನ್ನ ಮೊಳದುದ್ದ ದೂರ.

"ಇಲ್ಲಿ ಡೋರಿಸ್ ಅಜ್ಜಿ. ಅವಳ ನಾಯಿಗೆ ಕಿವಿ ಕೇಳುದಿಲ್ಲ. ಸೇತುವೆಯಾಚೆ ಅಣ್ಣ, ತಮ್ಮ. ಒಂದೇ ಮನೆ, ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ನಾನು ಹೋದರೆ ಇಬ್ಬರೂ ನನ್ನ ಹತ್ತಿರ ಮಾತಾಡ್ತಾರೆ."

ಎಣ್ಣೆಯ ಹೊಗೆಗೆ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ನಾನು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದಾಗ ಮುರಳಿ ಅಂಕಲ್ ಬಂದರು, ಕಂಕುಳಲ್ಲಿ ಲ್ಯಾಪ್‌ಟಾಪ್. ಅದಿಲ್ಲದೆ ಅವರು ಬಚ್ಚಲಿಗೂ ಹೋಗುತ್ತಿರಲಿಲ್ಲವೇನೋ. ಕೌಂಟಿಯ ಹೆಸರು ಕೇಳಿದರು. ಲ್ಯಾಪ್‌ಟಾಪ್ ಇಡಲು ಜಾಗ ಬೇಕಿತ್ತು, ಅಂಗೈಯಿಂದ ಮೇಜನ್ನು ಒಮ್ಮೆ ಒರೆಸಿದರು. ನದಿ, ಕೋರ್ಟು, ಡೋರಿಸ್ ಅಜ್ಜಿ ಎಲ್ಲ ನೆಲಕ್ಕೆ. ಹೆಸರು ಟೈಪ್ ಮಾಡಿ ಅಲ್ಲಿನ ಜನಸಂಖ್ಯೆ ಹುಡುಕಿದರು.

"ಇಡೀ ಕೌಂಟಿಗೆ ಇಷ್ಟೇ ಜನಾನಾ ಸಿಸ್ಟರ್? ಇದಕ್ಕಿಂತ ಜಾಸ್ತಿ ಜನ ಬೆಳಗ್ಗೆ ನಮ್ ಸ್ಟೇಷನ್‌ನಲ್ಲಿ ಟ್ರೇನ್‌ಗೆ ನಿಂತಿರ್ತಾರೆ. ದನಗಳೇ ಜಾಸ್ತಿ ಅನ್ಸತ್ತೆ. ನೀವು ದನಗಳಿಗೂ ಇಂಜೆಕ್ಷನ್ ಕೊಡ್ತೀರಾ?"

ಅಮ್ಮನೂ ನಕ್ಕಳು. ತಂಗಿಯನ್ನು ಇಲ್ಲೇ ಉಳಿಸಿಕೊಳ್ಳಲು ಅದೊಂದು ಉಪಾಯವೆಂದು ಅವಳು ನಂಬಿದ್ದಳು. ನನಗೆ ಮಾತ್ರ ಆ ಮನುಷ್ಯನ ಕೈ ಕಚ್ಚಬೇಕೆನಿಸಿತ್ತು. ಇವತ್ತಿಗೂ ಹಾಗೆಯೇ ಅನಿಸುತ್ತದೆ.

"ದನ ಉಂಟು. ಅವು ಮಾತು ಕಡಿಮೆ" ಎಂದಳು ಮಾವ್ಶಿ, ನೆಲದ ಹಿಟ್ಟನ್ನು ಗುಡಿಸುತ್ತ.

ಕ್ರಿಸ್ಮಸ್‌ನ ಹಿಂದಿನ ಸಂಜೆ ಅವಳು ಬಿಲ್ಡಿಂಗಿನ ಎಲ್ಲ ಮನೆಗೂ ತಟ್ಟೆ ಜೋಡಿಸಿದಳು. ಮಂಗಳೂರಿನಲ್ಲಿ ಅಕ್ಕಪಕ್ಕದವರ ಜಾತಿ ಧರ್ಮ ಕೇಳದೆ ಕುಸ್ವಾರ್ ಹಂಚುವುದು ರೂಢಿ. ಕೌಂಟಿಯಲ್ಲೂ ಅವಳು ಅದನ್ನು ಬಿಟ್ಟಿರಲಿಲ್ಲ. "ಇಲ್ಲಿ ಹಾಗೆಲ್ಲ ಬಾಗಿಲು ತಟ್ಟಬಾರದು ಜೆಸಿ" ಎಂದು ಅಮ್ಮ ಹೇಳಿದರೂ ಕೇಳಲಿಲ್ಲ. ತಟ್ಟೆ ಹಿಡಿದು ನಾನೂ ಹಿಂದೆ ಹೋದೆ. ಒಳಗೆ ಟಿವಿ ಮಾತಾಡುತ್ತಿತ್ತು, ಬಾಗಿಲಿನ ಕಿಂಡಿಯಲ್ಲಿ ಒಂದು ಕಣ್ಣು ಬಂದು ನಿಲ್ಲುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಒಬ್ಬಾಕೆ ಸರಪಳಿಯ ಸಂದಿಯಿಂದಲೇ ತಾನು ಏನೂ ಆರ್ಡರ್ ಮಾಡಿಲ್ಲವೆಂದಳು. ಬಾಗಿಲನ್ನು ಪೂರ್ತಿ ತೆರೆದವರು ಮುರಳಿ ಅಂಕಲ್ ಒಬ್ಬರೇ, ತಿಂಡಿ ಅಲ್ಲವೇ.

"ನಿಮ್ಮ ಪಕ್ಕದ ಮನೆಯವರು ಎಷ್ಟು ಹೊತ್ತಿಗೆ ಬರುವುದು?" ಎಂದು ಕೇಳಿದಳು ಮಾವ್ಶಿ.

"ಪಕ್ಕದಲ್ಲಾ?" ಅವರ ಬಾಯಿ ತುಂಬ ಕಿಡಿಯೊ. "ಯಾರೋ ಇದಾರೆ ಸಿಸ್ಟರ್. ಅವರ ತಟ್ಟೇನೂ ಇಲ್ಲೇ ಕೊಟ್ಬಿಡಿ."

ಹಬ್ಬದ ಮರುದಿನ ಮಾವ್ಶಿ ಅಮ್ಮನಿಗೆ ಉತ್ತರ ಹೇಳಿದಳು. "ಇಲ್ಲಿ ನಾನು ಇದ್ದರೂ ಯಾರಿಗೂ ಗೊತ್ತಾಗುದಿಲ್ಲ. ಅಲ್ಲಿ ಇಲ್ಲದಿದ್ದರೆ ಗೊತ್ತಾಗ್ತದೆ." ಏರ್‌ಪೋರ್ಟಿನಲ್ಲಿ ಅವಳ ಬ್ಯಾಗಿನ ಪಟ್ಟಿ ಹಿಡಿದು ನಾನು ಗೋಳೋ ಎಂದು ಅತ್ತೆ. ಬೀಗದ ಕೈ ಮತ್ತೆ ನನ್ನ ಕೊರಳಿಗೆ ಬಂತು.

ಮುರಳಿ ಅಂಕಲ್ ಈಗ ಮಾರ್ಸ್ಡನ್ ಪಾರ್ಕ್‌ನಲ್ಲಿ ದೊಡ್ಡ ಮನೆ ಕಟ್ಟಿಸಿ, ತಮ್ಮ ಸಬರ್ಬ್ ಎಷ್ಟು ಬೇಗ ಬೆಳೆಯುತ್ತಿದೆಯೆಂದು ಸಿಕ್ಕವರಿಗೆಲ್ಲ ಹೇಳುತ್ತಾರಂತೆ. ನಾನೇನು ಮಹಾ. ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ಮಾರ್ಟ್‌ಗೇಜ್ ಕಟ್ಟುತ್ತ, ಕೆರೆಯಿಲ್ಲದ ಕೆರೆಬೀದಿಯಲ್ಲಿ ಇದ್ದೇನೆ. ಜನಕ್ಕೆ ಇಲ್ಲಿ ಬರವಿಲ್ಲ, ಅರ್ಧಕ್ಕರ್ಧ ನಮ್ಮ ದೇಶದವರೇ. ಸಂಜೆ ರಿಮೋಟ್ ಒತ್ತಿದರೆ ಗ್ಯಾರೇಜ್ ಬಾಯಿ ತೆರೆದು ಕಾರನ್ನೂ ಮನುಷ್ಯರನ್ನೂ ಒಟ್ಟಿಗೆ ನುಂಗುತ್ತದೆ. ನಮ್ಮನ್ನೂ. ಮಾವ್ಶಿ ನಿವೃತ್ತಳಾಗಿ ಅದೇ ಕೌಂಟಿಯಲ್ಲಿದ್ದಾಳೆ. ಕಾಲು ನೋವಂತೆ, ಊಟವನ್ನು ಸರದಿಯ ಮೇಲೆ ಯಾರಾದರೂ ತಂದುಕೊಡುತ್ತಾರಂತೆ.

ಕಳೆದ ಡಿಸೆಂಬರಿನಲ್ಲಿ ಮಗಳನ್ನು ಕೂರಿಸಿಕೊಂಡು ಕಿಡಿಯೊ ಮಾಡಿದೆ. ಮೇಜಿನ ಮೇಲೆ ಮೈದಾ ಹರಡಿ ನಮ್ಮ ಬೀದಿಯನ್ನು ಬರೆದುಕೊಟ್ಟೆ. ಅವಳು ನಡುವೆ ನಮ್ಮ ಮನೆಯಿಟ್ಟಳು, ಎಡಕ್ಕೊಂದು, ಬಲಕ್ಕೊಂದು ಇಟ್ಟಳು.

"ಹೂ ಲಿವ್ಸ್ ಹಿಯರ್, ಮಮ್ಮಾ?"

ಎಡಗಡೆಯವರ ಕಾರು ಬಿಳಿಯದು. ಬಲಗಡೆಯವರು ಕಸದ ಬಿನ್ ತಡವಾಗಿ ಒಳಗಿಡುತ್ತಾರೆ. ನನಗೆ ಗೊತ್ತಿದ್ದದ್ದು ಅಷ್ಟೇ.

"ಯಾರೋ ಇದ್ದಾರೆ ಪುತಾ" ಎಂದೆ.

ಅವಳು ಆ ಎರಡನ್ನೂ ಎತ್ತಿ ಕರಿಯಲಿಟ್ಟ ತಟ್ಟೆಗೆ ಹಾಕಿದಳು. ಬೀದಿಯಲ್ಲಿ ನಮ್ಮದೊಂದೇ ಮನೆ ಉಳಿಯಿತು.